ಕೊಲರಾಡೋ ನದಿಯಲ್ಲಿ ನಿಜಕ್ಕೂ ಎಷ್ಟು ಟಿಎಂಸಿ ನೀರಿದೆ?

ಅಮೆರಿಕದ ಪಶ್ಚಿಮ ಭಾಗದಲ್ಲಿರುವ ನಿಮ್ಮಲ್ಲಿ ಹಲವರಿಗೆ ಇದು ಗೊತ್ತಿರೋ ವಿಷಯವೇ. ಊರಿನಿಂದ ಅಪ್ಪ ಅಮ್ಮ ಬಂದರೆ ಲಾಸ್ ವೇಗಸ್‌ಗೆ ಒಂದು ಟ್ರಿಪ್ ಆಗಲೇಬೇಕು, ಲಾಸ್ ವೇಗಸ್‌ಗೆ ಹೋದಮೇಲೆ ಹೂವರ್ ಡ್ಯಾಮ್ ನೋಡಲೇಬೇಕು. ಡ್ಯಾಮಿನ ಮೇಲೆ ನಿಂತು ಮೀಡ್ ಸರೋವರದ ಕಡೆ ತಿರುಗಿದ ಕೂಡಲೇ ಮಂಡ್ಯ, ಮೈಸೂರು ಕಡೆಯ ಹಿರಿಯರು ಕೇಳುವ ಮೊದಲ ಪ್ರಶ್ನೆ, "ಇದು ಎಷ್ಟು ಟಿಎಂಸಿ?" ಎರಡನೆಯದು, "ಬಂಡೆ ಮೇಲೆ ಆ ಬಿಳಿ ಪಟ್ಟೆ ಏನು?"

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮೀಡ್ ಸರೋವರ ತುಂಬಿದರೆ ಸುಮಾರು 1,130 ಟಿಎಂಸಿ. ನಮ್ಮ ಕೃಷ್ಣರಾಜಸಾಗರದ ಸಾಮರ್ಥ್ಯ 49.45 ಟಿಎಂಸಿ. ಅಂದರೆ ಇಪ್ಪತ್ತಕ್ಕೂ ಹೆಚ್ಚು ಕೆಆರ್‌ಎಸ್‌ಗಳನ್ನು ಇದರೊಳಗೆ ಸುರಿಯಬಹುದು. ಎರಡನೆಯ ಪ್ರಶ್ನೆಗೆ ಸಣ್ಣ ಉತ್ತರವೂ ಇದೆ, ದೊಡ್ಡ ಉತ್ತರವೂ ಇದೆ. ಸಣ್ಣ ಉತ್ತರ ಇಷ್ಟೇ: ನೀರು ಇಳಿದಾಗ ಅದರಲ್ಲಿದ್ದ ಖನಿಜಾಂಶ ಬಂಡೆಗೆ ಅಂಟಿಕೊಂಡು ಉಳಿದ ಗುರುತು ಅದು, ಗಡಸು ನೀರು ಕಾಯಿಸಿದ ಪಾತ್ರೆಯೊಳಗೆ ಬಿಳಿ ಕರೆ ಕಟ್ಟುತ್ತಲ್ಲ, ಹಾಗೆ. ಆ ಪಟ್ಟೆಯ ಎತ್ತರ ನೂರೈವತ್ತು ಅಡಿಗೂ ಹೆಚ್ಚು. 2022ರ ಜುಲೈನಲ್ಲಿ ಸರೋವರದ ಮಟ್ಟ ಸಮುದ್ರಮಟ್ಟದಿಂದ ಸುಮಾರು 1,040 ಅಡಿಗೆ ಇಳಿಯಿತು. 1930ರ ದಶಕದಲ್ಲಿ ಮೊದಲ ಸಲ ತುಂಬಿಸಲು ಶುರು ಮಾಡಿದ ಮೇಲೆ ಇಷ್ಟು ಕೆಳಗೆ ಇಳಿದಿದ್ದೇ ಇಲ್ಲ.

ದೊಡ್ಡ ಉತ್ತರಕ್ಕೆ ಇವತ್ತಿನ ಇಡೀ ಕಂತು ಬೇಕು. ಮಳೆ ಕಡಿಮೆಯಾಯ್ತು, ಜನ ಜಾಸ್ತಿಯಾದರು ಅಂತ ಹೇಳಿ ಮುಗಿಸಬಹುದು, ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಇದರ ಬೇರು ಇರೋದು ಒಂದು ಅಂಕಿಯಲ್ಲಿ. 1922ರಲ್ಲಿ ಒಂದು ಕೋಣೆಯಲ್ಲಿ ಕೂತವರು ಈ ನದಿಯಲ್ಲಿ ವರ್ಷಕ್ಕೆ ಇಷ್ಟು ನೀರು ಹರಿಯುತ್ತದೆ ಅಂತ ಒಂದು ಅಂಕಿ ಹಿಡಿದರು, ಅದರ ಮೇಲೆ ಕಾನೂನು ಕಟ್ಟಿದರು. ಆ ಅಂಕಿ ತಪ್ಪು ಅಂತ ವಿಜ್ಞಾನಿಗಳು ಆಗಲೇ ಹೇಳಿದ್ದರು. ಮತ್ತೆ 1976ರಲ್ಲಿ ಹೇಳಿದರು. ಕೊನೆಗೆ ಆ ಮಾತು ನಿಯಮದೊಳಗೆ ಬಂದದ್ದು 2007ರಲ್ಲಿ. ಇಷ್ಟು ವರ್ಷ ಯಾಕೆ ಬೇಕಾಯ್ತು, ಕೊನೆಗೆ ಹೇಗೆ ಬಂತು ಅನ್ನೋದೇ ನಮ್ಮ ಇವತ್ತಿನ ವಿಷಯ.

ಮೊದಲು ನದಿಯ ಪರಿಚಯ. ಕೊಲರಾಡೋ ಹುಟ್ಟುವುದು ರಾಕಿ ಪರ್ವತಗಳಲ್ಲಿ. ಸುಮಾರು 2,300 ಕಿಲೋಮೀಟರ್ ಹರಿದು ಮೆಕ್ಸಿಕೋ ದೇಶಕ್ಕೆ ಹೋಗುತ್ತದೆ. ಸಮುದ್ರ ಸೇರುತ್ತದೆ ಅಂತ ಹೇಳಬೇಕಿತ್ತು, ಆದರೆ ಹೆಚ್ಚಿನ ವರ್ಷ ಸೇರುವುದೇ ಇಲ್ಲ, ಅಷ್ಟರಲ್ಲಿ ನೀರು ಮುಗಿದಿರುತ್ತದೆ. ಅಮೆರಿಕದ ಏಳು ರಾಜ್ಯಗಳು ಇದನ್ನು ಹಂಚಿಕೊಳ್ಳುತ್ತವೆ. ಮೇಲ್ಗಡೆ ಕೊಲರಾಡೋ, ವಯೋಮಿಂಗ್, ಯೂಟಾ, ನ್ಯೂ ಮೆಕ್ಸಿಕೋ. ಕೆಳಗಡೆ ಅರಿಝೋನಾ, ನೆವಾಡಾ, ಕ್ಯಾಲಿಫೋರ್ನಿಯಾ. ಸುಮಾರು ನಾಲ್ಕು ಕೋಟಿ ಜನ ಒಂದಲ್ಲ ಒಂದು ರೀತಿ ಈ ನೀರನ್ನು ಅವಲಂಬಿಸಿದ್ದಾರೆ. ಫೀನಿಕ್ಸ್, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೋ, ಡೆನ್ವರ್ ಕಡೆ ಈ ಕಂತು ಕೇಳುತ್ತಿರುವವರ ನಲ್ಲಿಯಲ್ಲೂ ಈ ನದಿಯ ಪಾಲು ಇದೆ.

ಇಷ್ಟು ದೊಡ್ಡ ಹೆಸರು, ಗ್ರ್ಯಾಂಡ್ ಕ್ಯಾನ್ಯನ್ ಕೊರೆದ ನದಿ. ಆದರೆ ನೀರಿನ ಲೆಕ್ಕ ನೋಡಿದರೆ ನಮಗೆ ಸ್ವಲ್ಪ ಆಶ್ಚರ್ಯ ಆಗುತ್ತದೆ. ಇಲ್ಲಿ ನೀರನ್ನು ಅಳೆಯುವುದು ಎಕರೆ-ಅಡಿಯಲ್ಲಿ. ಒಂದು ಎಕರೆ ಜಮೀನಿನ ಮೇಲೆ ಒಂದು ಅಡಿ ನೀರು ನಿಲ್ಲಿಸಿದರೆ ಅದು ಒಂದು ಎಕರೆ-ಅಡಿ. ನಮ್ಮ ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಲೆಕ್ಕ ಹಾಕಿದರೆ ಹತ್ತು ಲಕ್ಷ ಎಕರೆ-ಅಡಿಗೆ ಸುಮಾರು 43.5 ಟಿಎಂಸಿ ಆಗುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ಕೊಲರಾಡೋ ನದಿಯ ಸರಾಸರಿ ವಾರ್ಷಿಕ ಹರಿವು ಸುಮಾರು 660 ಟಿಎಂಸಿ. ಕಾವೇರಿಯ ಹಂಚಿಕೆಗೆ ನ್ಯಾಯಮಂಡಳಿ ಹಿಡಿದ ಅಂಕಿ 740 ಟಿಎಂಸಿ! ಕೊಲರಾಡೋ ಕಣಿವೆಯ ವಿಸ್ತೀರ್ಣ ಮೂರು ಕರ್ನಾಟಕಗಳಿಗಿಂತ ಹೆಚ್ಚು, ಕಾವೇರಿ ಕಣಿವೆ ಅದರ ಎಂಟನೇ ಒಂದು ಪಾಲು. ಆದರೂ ನೀರು ಹೆಚ್ಚಿರೋದು ಕಾವೇರಿಯಲ್ಲಿ. ಮಳೆಗಾಲ ಇರೋ ನಾಡಿಗೂ ಮರುಭೂಮಿಗೂ ಇರುವ ವ್ಯತ್ಯಾಸ ಇದು.

ಈಗ 1922ಕ್ಕೆ ಹೋಗೋಣ. ಆಗ ಕ್ಯಾಲಿಫೋರ್ನಿಯಾ ಭರದಿಂದ ಬೆಳೆಯುತ್ತಿತ್ತು. ಅಮೆರಿಕದ ಪಶ್ಚಿಮದಲ್ಲಿ ನೀರಿನ ಹಕ್ಕಿಗೆ ಒಂದು ಹಳೇ ನಿಯಮ ಇದೆ: ಯಾರು ಮೊದಲು ಬಳಸಲು ಶುರು ಮಾಡಿದರೋ ಅವರ ಹಕ್ಕು ಮೊದಲು. ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕಿದ ಹಾಗೆ ಅಂದುಕೊಳ್ಳಿ. ರಾಜ್ಯ ರಾಜ್ಯಗಳ ನಡುವೆಯೂ ಈ ನಿಯಮ ಅನ್ವಯಿಸಬಹುದು ಅಂತ ಅದೇ ವರ್ಷ ಸುಪ್ರೀಂ ಕೋರ್ಟ್ ಹೇಳಿತು. ಮೇಲಿನ ರಾಜ್ಯಗಳಿಗೆ ದಿಗಿಲಾಯಿತು. ತಾವು ಕಾಲುವೆ ತೋಡುವ ಹೊತ್ತಿಗೆ ಕ್ಯಾಲಿಫೋರ್ನಿಯಾ ಇಡೀ ನದಿಗೇ ಟವೆಲ್ ಹಾಕಿರುತ್ತದೆ ಅಂತ. ಕ್ಯಾಲಿಫೋರ್ನಿಯಾಗೆ ಬೇಕಾಗಿದ್ದದ್ದು ಒಂದು ದೊಡ್ಡ ಅಣೆಕಟ್ಟು, ಅದಕ್ಕೆ ಕೇಂದ್ರದ ದುಡ್ಡು, ದುಡ್ಡಿಗೆ ಉಳಿದ ರಾಜ್ಯಗಳ ಒಪ್ಪಿಗೆ. ಹೀಗೆ ಎಲ್ಲರಿಗೂ ಒಪ್ಪಂದ ಬೇಕಿತ್ತು. ನ್ಯೂ ಮೆಕ್ಸಿಕೋದ ಸಾಂತಾ ಫೇ ಊರಿನಲ್ಲಿ, ಆಗ ವಾಣಿಜ್ಯ ಸಚಿವರಾಗಿದ್ದ ಹರ್ಬರ್ಟ್ ಹೂವರ್ ಅವರ ಅಧ್ಯಕ್ಷತೆಯಲ್ಲಿ, 1922ರ ನವೆಂಬರ್ 24ರಂದು ಸಹಿ ಬಿತ್ತು. ಮೇಲಿನ ರಾಜ್ಯಗಳಿಗೆ 75 ಲಕ್ಷ ಎಕರೆ-ಅಡಿ, ಕೆಳಗಿನವರಿಗೆ 75 ಲಕ್ಷ. ನಮ್ಮ ಲೆಕ್ಕದಲ್ಲಿ ತಲಾ 327 ಟಿಎಂಸಿ. ಮುಂದೆ 1944ರಲ್ಲಿ ಮೆಕ್ಸಿಕೋಗೆ ಇನ್ನೂ 15 ಲಕ್ಷ ಎಕರೆ-ಅಡಿ ಕೊಡೋದಾಗಿ ದೇಶ ದೇಶದ ಒಪ್ಪಂದವಾಯಿತು. ಒಟ್ಟು ಸುಮಾರು 719 ಟಿಎಂಸಿ. 660 ಟಿಎಂಸಿ ಇರೋ ನದಿಯಲ್ಲಿ!

ಇದು ಹೇಗಾಯ್ತು? ಆಗ ನದಿಯನ್ನು ಅಳೆದ ದಾಖಲೆ ಇದ್ದದ್ದೇ ಇಪ್ಪತ್ತು ಚಿಲ್ಲರೆ ವರ್ಷ, ಅದೂ ಕೆಳಗಡೆ ಯೂಮಾ ಎಂಬ ಊರಿನ ಹತ್ತಿರದ್ದು. ಎರಡು ಪಾಲಿನ ಗಡಿಯ ಹತ್ತಿರವಿರುವ ಲೀಸ್ ಫೆರ್ರಿಯಲ್ಲಿ ಮಾಪನ ಕೇಂದ್ರ ಶುರುವಾದದ್ದು 1921ರಲ್ಲಿ, ಸಹಿಗಿಂತ ಒಂದೇ ವರ್ಷ ಮೊದಲು. ಇದ್ದ ಆ ಇಪ್ಪತ್ತು ವರ್ಷಗಳಲ್ಲಿ ಹಿಮವೂ ಮಳೆಯೂ ಚೆನ್ನಾಗಿ ಆಗಿತ್ತು. ಸಭೆಯಲ್ಲಿದ್ದವರು ನದಿಯಲ್ಲಿ ವರ್ಷಕ್ಕೆ 1.6 ಕೋಟಿ ಎಕರೆ-ಅಡಿಗೂ ಮಿಗಿಲಾಗಿ ನೀರಿದೆ ಅಂತ ನಂಬಿದರು. ಹಂಚಿ ಇನ್ನೂ ಮಿಗುತ್ತದೆ ಅಂದುಕೊಂಡರು.

ಗೊತ್ತಿರಲಿಲ್ಲ ಪಾಪ, ಅಂತ ಬಿಡೋಣ ಅಂದರೆ ಹಾಗೂ ಇಲ್ಲ. ಅಮೆರಿಕದ ಭೂವೈಜ್ಞಾನಿಕ ಸಮೀಕ್ಷೆಯಲ್ಲಿ ಯೂಜೀನ್ ಕ್ಲೈಡ್ ಲಾರೂ ಎಂಬ ಜಲತಜ್ಞ ಇದ್ದರು. ಕಣಿವೆಯಲ್ಲಿ ನೀರಾವರಿ ಮಾಡಬಹುದಾದ ಎಲ್ಲ ಜಮೀನಿಗೆ ಈ ನದಿಯ ನೀರು ಸಾಲದು ಅಂತ ಅವರು 1916ರ ವರದಿಯಲ್ಲೇ ಬರೆದಿದ್ದರು. ಅವರು ಮಾಡಿದ ಒಂದು ಕೆಲಸ ನಮಗೆ ತುಂಬಾ ಇಷ್ಟ. ನದಿಯ ದಾಖಲೆ ಇಲ್ಲದ ಹಳೇ ವರ್ಷಗಳಿಗೆ ಅವರು ಯೂಟಾದ ಗ್ರೇಟ್ ಸಾಲ್ಟ್ ಲೇಕ್ ಸರೋವರದ ಮಟ್ಟದ ದಾಖಲೆ ನೋಡಿದರು. ಪಕ್ಕದ ಕಣಿವೆಯ ಸರೋವರ ಅದು. ಅದರ ಮಟ್ಟ ಇಳಿದಿದ್ದ ಕಾಲದಲ್ಲಿ ಈ ನದಿಯಲ್ಲೂ ನೀರು ಕಡಿಮೆ ಇದ್ದಿರಬೇಕು ಅಂತ ತರ್ಕ. ಹಾಗೆ ನೋಡಿದಾಗ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಉದ್ದಕ್ಕೂ ಒಣ ವರ್ಷಗಳೇ ಕಂಡವು. 1925ರಲ್ಲಿ ಸೆನೆಟ್ ಸಮಿತಿಯ ಮುಂದೆಯೂ ಹೇಳಿದರು. ಅಣೆಕಟ್ಟಿನ ಯೋಜನೆ ಪರಿಶೀಲಿಸಲು 1928ರಲ್ಲಿ ಸಂಸತ್ತೇ ನೇಮಿಸಿದ, ಜನರಲ್ ಸೈಬರ್ಟ್ ನೇತೃತ್ವದ ಎಂಜಿನಿಯರ್‌ಗಳ ಸಮಿತಿಯೂ ನೀರಿನ ಅಂದಾಜು ಹೆಚ್ಚಾಯ್ತು ಅಂತ ಎಚ್ಚರಿಸಿತು. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಎರಿಕ್ ಕೂನ್ ಮತ್ತು ಜಾನ್ ಫ್ಲೆಕ್ 2019ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ದಾಖಲೆ ಸಮೇತ ಹೇಳಿದ್ದಾರೆ. ಅವರ ವಾದದ ಸಾರ ಏನಂದರೆ, ದೊಡ್ಡ ಅಂಕಿ ಎಲ್ಲರಿಗೂ ಅನುಕೂಲವಾಗಿತ್ತು. ಸಣ್ಣ ಅಂಕಿ ಹಿಡಿದಿದ್ದರೆ ಯಾರಾದರೂ ಒಬ್ಬರು ತಮ್ಮ ಪಾಲು ಕಡಿಮೆ ಮಾಡಿಕೊಳ್ಳಬೇಕಿತ್ತು, ಒಪ್ಪಂದವೇ ಆಗುತ್ತಿರಲಿಲ್ಲ. ನಮಗೂ ಇದು ಸರಿ ಅನ್ನಿಸುತ್ತದೆ. ಸಂಶೋಧನೆ ಇರಲಿಲ್ಲ ಅನ್ನೋದಕ್ಕಿಂತ, ಅದನ್ನು ಕೇಳಿಸಿಕೊಂಡರೆ ಆಗುವ ಖರ್ಚು ಯಾರಿಗೂ ಬೇಕಿರಲಿಲ್ಲ.

(ನದಿ ಜಗಳ ನಮ್ಮ ಕಡೆ ಮಾತ್ರ ಅಂದುಕೊಂಡವರಿಗೆ ಒಂದು ಮಾತು: 1934ರಲ್ಲಿ ಪಾರ್ಕರ್ ಅಣೆಕಟ್ಟಿನ ಕೆಲಸ ನಿಲ್ಲಿಸಲು ಅರಿಝೋನಾದ ಗವರ್ನರ್ ತಮ್ಮ ರಾಜ್ಯದ ಸೈನಿಕ ತುಕಡಿಯನ್ನೇ ನದಿದಂಡೆಗೆ ಕಳಿಸಿದ್ದರು.)

ಈಗ ಈ ಕಥೆಯಲ್ಲಿ ಮರಗಳು ಬರುತ್ತವೆ.

ಎ. ಇ. ಡಗ್ಲಸ್ ಅಂತ ಒಬ್ಬ ಖಗೋಳ ವಿಜ್ಞಾನಿ. ಸೂರ್ಯನ ಕಲೆಗಳು ಹನ್ನೊಂದು ವರ್ಷಕ್ಕೊಮ್ಮೆ ಹೆಚ್ಚಾಗಿ ಕಡಿಮೆಯಾಗುತ್ತವಲ್ಲ, ಅದರ ಪರಿಣಾಮ ಭೂಮಿಯ ಹವಾಮಾನದಲ್ಲಿ ಕಾಣುತ್ತದೆಯೇ ಅಂತ ಹುಡುಕಲು ಅವರು ಅರಿಝೋನಾದ ಪೈನ್ ಮರಗಳ ಉಂಗುರ ಎಣಿಸಲು ಶುರು ಮಾಡಿದರು. ಸೂರ್ಯನ ವಿಷಯ ಅಷ್ಟಾಗಿ ಕೈಗೂಡಲಿಲ್ಲ, ಆದರೆ ಒಂದು ಹೊಸ ವಿಜ್ಞಾನವೇ ಹುಟ್ಟಿತು. 1937ರಲ್ಲಿ ಅರಿಝೋನಾ ವಿಶ್ವವಿದ್ಯಾಲಯದಲ್ಲಿ ಅದಕ್ಕಾಗಿ ಪ್ರಯೋಗಾಲಯ ಕಟ್ಟಿದರು, ಇವತ್ತಿಗೂ ಟೂಸಾನ್‌ನಲ್ಲಿ ಅದು ಇದೆ.

ಕೆಲಸ ಹೀಗೆ. ನದಿದಂಡೆಯ ಮರ ಬೇಡ, ಅದಕ್ಕೆ ಯಾವಾಗಲೂ ನೀರು ಸಿಗುತ್ತದೆ, ಬರ ಬಂದರೂ ಅದಕ್ಕೆ ಗೊತ್ತಾಗುವುದಿಲ್ಲ. ಬೇಕಾಗಿರುವುದು ಕಷ್ಟಪಡುವ ಮರ: ಕಲ್ಲಿನ ಇಳಿಜಾರಿನಲ್ಲಿ, ತೆಳು ಮಣ್ಣಿನಲ್ಲಿ ಬೇರುಬಿಟ್ಟ ಡಗ್ಲಸ್ ಫರ್ ಅಥವಾ ಪಿನ್ಯನ್ ಪೈನ್. ಚಳಿಗಾಲದಲ್ಲಿ ಹಿಮ ಚೆನ್ನಾಗಿ ಬಿದ್ದ ವರ್ಷ ಅದರ ಉಂಗುರ ಅಗಲ, ಬೀಳದ ವರ್ಷ ಕೂದಲೆಳೆಯಷ್ಟು ತೆಳು. ಅದೇ ಹಿಮ ಕರಗಿಯೇ ನದಿಗೂ ನೀರು ಬರೋದು. ಮರಕ್ಕೂ ನದಿಗೂ ನೇರ ಸಂಬಂಧ ಇಲ್ಲ, ಇಬ್ಬರಿಗೂ ಊಟ ಹಾಕೋದು ಒಂದೇ ಅಡುಗೆಮನೆ.

ಮರ ಕಡಿಯಬೇಕಿಲ್ಲ. ಟೊಳ್ಳಾದ ಬೈರಿಗೆಯಿಂದ ಕೊರೆದು ಪೆನ್ಸಿಲಿಗಿಂತ ತೆಳುವಾದ ಒಂದು ಕಡ್ಡಿಯಷ್ಟು ಮರವನ್ನು ಹೊರಗೆ ತೆಗೆಯುತ್ತಾರೆ. ಗಾಯವನ್ನು ಮರವೇ ಅಂಟಿನಿಂದ ಮುಚ್ಚಿಕೊಳ್ಳುತ್ತದೆ. ಕಡ್ಡಿಯನ್ನು ನುಣುಪಾಗಿ ಉಜ್ಜಿ ಸೂಕ್ಷ್ಮದರ್ಶಕದ ಕೆಳಗೆ ಉಂಗುರದ ಅಗಲ ಅಳೆಯುತ್ತಾರೆ. ಒಂದು ಮರ ಸಾಲದು, ಕೆಲವೊಮ್ಮೆ ಮರ ಒಂದು ವರ್ಷ ಉಂಗುರವನ್ನೇ ಹಾಕದೆ ಬಿಡುತ್ತದೆ. ಅದಕ್ಕೆ ಹತ್ತಾರು ಮರಗಳ ಅಗಲ-ತೆಳುವಿನ ಸಾಲನ್ನು ಒಂದರ ಪಕ್ಕ ಒಂದಿಟ್ಟು ಹೊಂದಿಸುತ್ತಾರೆ, ಅಂಗಡಿಯಲ್ಲಿ ಬಾರ್‌ಕೋಡ್ ಹೊಂದಿಸಿದ ಹಾಗೆ. ಬದುಕಿರುವ ಮರದ ಒಳಗಿನ ಹಳೆಯ ಭಾಗ ಸತ್ತುಬಿದ್ದ ಮರದ ಹೊರಗಿನ ಭಾಗಕ್ಕೆ ಹೊಂದಿದರೆ ದಾಖಲೆ ಇನ್ನಷ್ಟು ಹಿಂದಕ್ಕೆ ಹೋಗುತ್ತದೆ. ಮೂಲನಿವಾಸಿಗಳ ಹಳೆಯ ಮನೆಗಳ ತೊಲೆಗಳನ್ನೂ ಡಗ್ಲಸ್ ಹೀಗೆ ಹೊಂದಿಸಿ ಆ ಮನೆಗಳ ವಯಸ್ಸು ಹೇಳಿದ್ದರು.

ಮುಂದಿನ ಹೆಜ್ಜೆಯೇ ಮುಖ್ಯ. ಇಪ್ಪತ್ತನೆಯ ಶತಮಾನಕ್ಕೆ ನಮ್ಮ ಹತ್ತಿರ ಎರಡೂ ಇವೆ, ಉಂಗುರವೂ ಇದೆ, ನದಿಯ ಅಳತೆಯೂ ಇದೆ. ಇಷ್ಟು ಅಗಲದ ಉಂಗುರ ಬಂದ ವರ್ಷ ನದಿಯಲ್ಲಿ ಇಷ್ಟು ನೀರಿತ್ತು ಅಂತ ಆ ವರ್ಷಗಳಿಂದ ಒಂದು ಸೂತ್ರ ಕಟ್ಟುತ್ತಾರೆ. ಕೆಲವು ವರ್ಷಗಳನ್ನು ಬೇಕಂತಲೇ ಬಚ್ಚಿಟ್ಟು, ಆ ವರ್ಷಗಳ ಹರಿವನ್ನು ಸೂತ್ರ ಸರಿಯಾಗಿ ಊಹಿಸುತ್ತದೆಯೇ ಅಂತ ಪರೀಕ್ಷೆ ಮಾಡುತ್ತಾರೆ. ಪಾಸಾದರೆ, ಅಳತೆ ಇಲ್ಲದ ಹಳೇ ಶತಮಾನಗಳಿಗೆ ಅದೇ ಸೂತ್ರ ಹಾಕುತ್ತಾರೆ. ನೂರಕ್ಕೆ ನೂರು ನಿಖರ ಅಲ್ಲ ಇದು. ವಿಪರೀತ ನೀರು ಬಂದ ವರ್ಷವನ್ನು ಮರ ಸರಿಯಾಗಿ ಹೇಳುವುದಿಲ್ಲ, ಹೊಟ್ಟೆ ತುಂಬಿದ ಮೇಲೆ ಎಷ್ಟು ಬಡಿಸಿದರೂ ತಿನ್ನೋದು ಅಷ್ಟೇ. ಆದರೆ ಬರವನ್ನು ಮರ ಚೆನ್ನಾಗಿ ನೆನಪಿಟ್ಟುಕೊಳ್ಳುತ್ತದೆ.

1940ರ ದಶಕದಲ್ಲೇ ಎಡ್ಮಂಡ್ ಶುಲ್ಮನ್ ಈ ನದಿಗೆ ಉಂಗುರಗಳನ್ನು ಹೊಂದಿಸಿ ನೋಡಿದ್ದರು. 1976ರಲ್ಲಿ ಚಾರ್ಲ್ಸ್ ಸ್ಟಾಕ್ಟನ್ ಮತ್ತು ಗಾರ್ಡನ್ ಜೇಕಬಿ ಅಂಕಿಗಳ ರೂಪದಲ್ಲಿ ಫಲಿತಾಂಶ ಕೊಟ್ಟರು: ದೀರ್ಘಕಾಲದ ಸರಾಸರಿ ಸುಮಾರು 1.35 ಕೋಟಿ ಎಕರೆ-ಅಡಿ, ಅಂದರೆ 590 ಟಿಎಂಸಿಯ ಹತ್ತಿರ. ಒಪ್ಪಂದದವರು ನೋಡಿದ ಆ ಇಪ್ಪತ್ತು ವರ್ಷಗಳು ಶತಮಾನಗಳಲ್ಲೇ ಅತಿ ಹೆಚ್ಚು ನೀರಿದ್ದ ಕಾಲಗಳಲ್ಲಿ ಒಂದಾಗಿತ್ತು. ದೀಪಾವಳಿ ಬೋನಸ್ ಬಂದ ತಿಂಗಳ ಸಂಬಳದ ಚೀಟಿ ನೋಡಿ ಮನೆ ಸಾಲ ತೆಗೆದುಕೊಂಡ ಹಾಗೆ. ಆಮೇಲಿನ ಸಂಶೋಧನೆಗಳಲ್ಲಿ ಸರಾಸರಿ ಇದಕ್ಕಿಂತ ಸ್ವಲ್ಪ ಮೇಲೆ ಬಂತು, ಆದರೆ ಮೂಲ ಮಾತು ಬದಲಾಗಲಿಲ್ಲ. 2007ರಲ್ಲಿ ಡೇವಿಡ್ ಮೀಕೊ ಮತ್ತು ಸಂಗಡಿಗರು ದಾಖಲೆಯನ್ನು ಕ್ರಿ.ಶ. 762ರವರೆಗೆ ಒಯ್ದರು. ಹನ್ನೆರಡನೆಯ ಶತಮಾನದ ಮಧ್ಯದಲ್ಲಿ, ನಮ್ಮಲ್ಲಿ ಕಲ್ಯಾಣದಲ್ಲಿ ಬಸವಣ್ಣನವರಿದ್ದ ಕಾಲಕ್ಕೆ ಹತ್ತಿರದಲ್ಲೇ, ಇಲ್ಲಿ ದಶಕಗಟ್ಟಲೆ ಹಿಡಿದ ಬರವೊಂದು ಕಂಡಿತು. ಆಧುನಿಕ ಅಳತೆಯಲ್ಲಿ ಅಷ್ಟು ಉದ್ದನೆಯ ಬರ ದಾಖಲಾಗಿಯೇ ಇಲ್ಲ.

ಹಾಗಾದರೆ 1976ರಲ್ಲೇ ಎಲ್ಲರೂ ಎಚ್ಚೆತ್ತರಾ? ಇಲ್ಲ. ಮೇಲಿನ ರಾಜ್ಯಗಳು ತಮ್ಮ ಪಾಲನ್ನು ಇನ್ನೂ ಪೂರ್ತಿ ಬಳಸುತ್ತಿರಲಿಲ್ಲ, ಬಳಸದ ನೀರು ಕೆಳಗೆ ಹರಿದುಹೋಗಿ ಕೊರತೆಯನ್ನು ಮುಚ್ಚುತ್ತಿತ್ತು. ಸಾಲದ್ದಕ್ಕೆ 1983ರಲ್ಲಿ ಪ್ರವಾಹವೇ ಬಂತು. ಗ್ಲೆನ್ ಕ್ಯಾನ್ಯನ್ ಅಣೆಕಟ್ಟಿನ ಕೋಡಿ ಸುರಂಗಗಳು ಕಿತ್ತುಹೋದವು, ನೀರು ಮೇಲೆ ಉಕ್ಕದ ಹಾಗೆ ಗೇಟುಗಳ ಮೇಲೆ ಪ್ಲೈವುಡ್ ಹಲಗೆ ನಿಲ್ಲಿಸಿದರು, ನಿಜವಾಗಿಯೂ ಪ್ಲೈವುಡ್! ಅಂಥ ಹೊತ್ತಿನಲ್ಲಿ ಬರದ ಮಾತು ಯಾರಿಗೆ ಬೇಕು?

ಬಿಸಿ ತಟ್ಟಿದ್ದು 2000ದ ಮೇಲೆ. 2002ರಲ್ಲಿ ಪಾವೆಲ್ ಸರೋವರಕ್ಕೆ ಬಂದ ನೀರು ಸಾಮಾನ್ಯ ವರ್ಷದ ಸುಮಾರು ಕಾಲು ಭಾಗ. ಜಲಾಶಯಗಳು ಇಳಿಯುತ್ತಾ ಹೋದವು, ಕೊರತೆ ಬಂದರೆ ಯಾರ ಪಾಲು ಎಷ್ಟು ಕಡಿತ ಅನ್ನೋದಕ್ಕೆ ನಿಯಮವೇ ಇರಲಿಲ್ಲ. ನೀರಿನ ಅಧಿಕಾರಿಗಳೇ ಮರದ ಉಂಗುರದ ವಿಜ್ಞಾನಿಗಳನ್ನು ಹುಡುಕಿಕೊಂಡು ಬಂದದ್ದು ಆಗ. ಕೋನೀ ವುಡ್‌ಹೌಸ್ ಮತ್ತು ಮೀಕೊ ಅವರಂಥ ಸಂಶೋಧಕರು ಅಧಿಕಾರಿಗಳ ಜೊತೆ ಕಾರ್ಯಾಗಾರಗಳಲ್ಲಿ ಕೂತರು. ಅಧಿಕಾರಿಗಳಿಗೆ ಬೇಕಿದ್ದದ್ದು ಶತಮಾನದ ಸರಾಸರಿ ಅಲ್ಲ, ತಮ್ಮ ಕಂಪ್ಯೂಟರ್ ಮಾದರಿಗೆ ತುಂಬಬಹುದಾದ ವರ್ಷವಾರು ಹರಿವಿನ ಪಟ್ಟಿ. ಈ ನದಿಯ ಜಲಾಶಯಗಳನ್ನು ನೋಡಿಕೊಳ್ಳುವ ಕೇಂದ್ರ ಇಲಾಖೆ ಬ್ಯೂರೋ ಆಫ್ ರಿಕ್ಲಮೇಶನ್. ಅದರ ಹತ್ತಿರ ಇಡೀ ನದಿಯ ಒಂದು ಗಣಕ ಮಾದರಿ ಇದೆ, ಏಳೂ ರಾಜ್ಯಗಳು ಅದೇ ಮಾದರಿಯ ಮೇಲೆ ಲೆಕ್ಕ ಹಾಕುತ್ತವೆ. ಈ ಒಂದು ವಿಷಯಕ್ಕೆ ನಾವು ತುಂಬಾ ಬೆಲೆ ಕೊಡುತ್ತೇವೆ. ಪಾಲಿನ ಬಗ್ಗೆ ಜಗಳ ಆಡಲಿ, ಆದರೆ ತಕ್ಕಡಿ ಒಂದೇ ಇರಬೇಕು.

2007ರಲ್ಲಿ ನಿಯಮಗಳು ಬಂದವು. ಅದರ ಹಿನ್ನೆಲೆ ಅಧ್ಯಯನದಲ್ಲಿ ಮರದ ಉಂಗುರದಿಂದ ಬಂದ ಹರಿವನ್ನೂ ಮಾದರಿಯಲ್ಲಿ ಓಡಿಸಿ ನೋಡಿದ್ದರು. ನಿಯಮ ಹೀಗಿತ್ತು: ಮೀಡ್ ಸರೋವರ 1,075 ಅಡಿಗೆ ಇಳಿದರೆ ಮೊದಲ ಹಂತದ ಕಡಿತ, 1,050ಕ್ಕೆ ಎರಡನೆಯದು, 1,025ಕ್ಕೆ ಮೂರನೆಯದು. ಯಾರಿಗೆ ಎಷ್ಟು ಕಡಿತ ಅಂತಲೂ ಮೊದಲೇ ಬರೆದಿಟ್ಟರು. 2019ರಲ್ಲಿ ಇನ್ನಷ್ಟು ಕಡಿತಗಳನ್ನು ಸೇರಿಸಿದರು. ಪ್ರತಿ ವರ್ಷ ಆಗಸ್ಟ್‌ನಲ್ಲಿ ಇಲಾಖೆ ಮುಂದಿನ ಜನವರಿ 1ಕ್ಕೆ ಸರೋವರದ ಮಟ್ಟ ಎಷ್ಟಿರುತ್ತದೆ ಅಂತ ಮುನ್ನಂದಾಜು ಕೊಡುತ್ತದೆ. ಆ ಅಂಕಿ ಬಂದ ಕ್ಷಣ ಯಾವ ಹಂತ ಅಂತ ತೀರ್ಮಾನವಾಗಿಬಿಡುತ್ತದೆ. 2021ರ ಆಗಸ್ಟ್‌ನಲ್ಲಿ ಇತಿಹಾಸದಲ್ಲೇ ಮೊದಲ ಸಲ ಕೊರತೆ ಘೋಷಣೆಯಾಯಿತು. 2022ಕ್ಕೆ ಅರಿಝೋನಾ ತನ್ನ ಪಾಲಿನ ಸುಮಾರು 18 ಶೇಕಡಾ ಕಳೆದುಕೊಂಡಿತು. 22 ಟಿಎಂಸಿಯಷ್ಟು. ಅದರ ಹೊಡೆತ ಹೆಚ್ಚಾಗಿ ಬಿದ್ದದ್ದು ಫೀನಿಕ್ಸ್ ಮತ್ತು ಟೂಸಾನ್ ನಡುವಿನ ಪೀನಲ್ ಕೌಂಟಿಯ ರೈತರ ಮೇಲೆ. ಅವರ ಹಕ್ಕು ಸರದಿಯಲ್ಲಿ ಹಿಂದೆ ಇತ್ತು. ಜಮೀನು ಪಾಳು ಬಿಟ್ಟರು, ಮತ್ತೆ ಬೋರ್‌ವೆಲ್ ಕಡೆ ತಿರುಗಿದರು. ಅವರಿಗೆ ನೋವಾಗಲಿಲ್ಲ ಅಂತಲ್ಲ. ಆದರೆ ಆ ಆಗಸ್ಟ್‌ನಲ್ಲಿ ಯಾರು ಎಷ್ಟು ಬಿಡಬೇಕು ಅಂತ ಹೊಸದಾಗಿ ಜಗಳ ಶುರುವಾಗಲಿಲ್ಲ.

ಇಲ್ಲಿ ಒಂದು ಸೂಕ್ಷ್ಮ ಇದೆ. ಮಾದರಿ ಒಂದೇ ಆದರೂ ಅದಕ್ಕೆ ಯಾವ ವರ್ಷಗಳನ್ನು ತುಂಬುತ್ತೀರಿ? 1906ರಿಂದ ಎಲ್ಲ ವರ್ಷಗಳನ್ನೂ ಹಾಕಿದರೆ ಆ ಹಳೇ ಸಮೃದ್ಧ ವರ್ಷಗಳು ಸೇರಿಕೊಂಡು ಭವಿಷ್ಯ ಚೆನ್ನಾಗಿ ಕಾಣುತ್ತದೆ. 1988ರಿಂದ ಈಚೆಗಿನವನ್ನು ಮಾತ್ರ ಹಾಕಿದರೆ ಜಲಾಶಯ ಕುಸಿಯುವ ಸಾಧ್ಯತೆ ಒಮ್ಮೆಗೇ ಏರುತ್ತದೆ. ಈ ಎರಡನೆಯದಕ್ಕೆ ಒತ್ತಡ ಪರೀಕ್ಷೆ ಅಂತ ಹೆಸರು. 2019ರ ಒಪ್ಪಂದದ ಮಾತುಕತೆಯಲ್ಲಿ ಈ ಲೆಕ್ಕ ದೊಡ್ಡ ಪಾತ್ರ ವಹಿಸಿತು. ನೋಡಿ, ಕೋಷ್ಟಕದ ಮೊದಲ ಸಾಲಿನಲ್ಲಿ ಯಾವ ವರ್ಷ ಬರೆಯಬೇಕು ಅನ್ನೋದು ಗುಮಾಸ್ತಿಕೆ ಕೆಲಸದ ಹಾಗೆ ಕಾಣುತ್ತದೆ, ಸಾವಿರಾರು ಎಕರೆಯ ಹಣೆಬರಹ ಅಲ್ಲಿರುತ್ತದೆ.

ಈಚಿನ ವರ್ಷಗಳನ್ನೇ ಯಾಕೆ ನಂಬಬೇಕು? ಬರ ಮುಗಿದರೆ ಮತ್ತೆ ಹಳೇ ಸರಾಸರಿಗೆ ಬರಬಹುದಲ್ಲ ಅಂತ ಕೇಳಬಹುದು. ಇದಕ್ಕೆ ಉತ್ತರ ಶಾಖದಲ್ಲಿದೆ. 2000ದಿಂದ ಈಚೆಗೆ ಹರಿವು ಹಿಂದಿನ ಶತಮಾನದ ಸರಾಸರಿಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆ. ಮಳೆ-ಹಿಮ ಕಡಿಮೆಯಾದದ್ದರಿಂದ ಮಾತ್ರ ಇಷ್ಟು ಇಳಿಕೆ ಬರುವುದಿಲ್ಲ ಅಂತ 2017ರಲ್ಲಿ ಬ್ರ್ಯಾಡ್ ಯುಡಾಲ್ ಮತ್ತು ಜೊನಾಥನ್ ಓವರ್‌ಪೆಕ್ ತೋರಿಸಿದರು. ಸುಮಾರು ಮೂರನೇ ಒಂದು ಭಾಗಕ್ಕೆ ತಾಪಮಾನವೇ ಕಾರಣ. 2020ರಲ್ಲಿ ಕ್ರಿಸ್ ಮಿಲಿ ಮತ್ತು ಕ್ರಿಸ್ಟಾ ಡನ್ ಅದರ ಒಳಗುಟ್ಟು ಬಿಡಿಸಿದರು. ಹಿಮ ಬಿಳಿ, ಬಿಸಿಲನ್ನು ಹಿಂದಕ್ಕೆ ಎರಚುತ್ತದೆ. ಬೇಗ ಕರಗಿದರೆ ಕೆಳಗಿನ ಕಪ್ಪು ನೆಲ ಆ ಬಿಸಿಲನ್ನು ಹೀರುತ್ತದೆ, ನೆಲದ ನೀರು ಆವಿಯಾಗುತ್ತದೆ, ನದಿಗೆ ಸೇರಬೇಕಾದದ್ದು ಗಾಳಿಗೆ ಸೇರುತ್ತದೆ. ಅವರ ಲೆಕ್ಕದಲ್ಲಿ ಪ್ರತಿ ಒಂದು ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಹರಿವು ಸುಮಾರು 9.3 ಶೇಕಡಾ ಇಳಿಯುತ್ತದೆ. ಮರದ ಉಂಗುರ ಹೇಳಿದ್ದು ಹಿಂದೆ ಏನೇನು ಆಗಿತ್ತು ಅಂತ. ಹಳೆಯ ಬರ ಈಗಿನ ಶಾಖದ ಜೊತೆ ಬಂದರೆ ಏನಾಗುತ್ತದೆ ಅನ್ನೋದಕ್ಕೆ ಮರದ ಹತ್ತಿರ ಉದಾಹರಣೆ ಇಲ್ಲ.

ಆವಿಯ ಇನ್ನೊಂದು ಲೆಕ್ಕವೂ ಇದೆ. ಕೆಳಗಿನ ರಾಜ್ಯಗಳಿಗೆ ಪಾಲು ಹಂಚುವಾಗ ಮೀಡ್ ಸರೋವರದಿಂದ ಆವಿಯಾಗುವ ನೀರನ್ನು ಯಾರ ಖಾತೆಗೂ ಹಾಕಿರಲಿಲ್ಲ. ಅದೂ ಇದೂ ಸೇರಿ, ಬರ ಇಲ್ಲದ ಸಾಮಾನ್ಯ ವರ್ಷದಲ್ಲೂ ಸರೋವರಕ್ಕೆ ಬರೋದಕ್ಕಿಂತ ಹೋಗೋದು ಸುಮಾರು 12 ಲಕ್ಷ ಎಕರೆ-ಅಡಿ ಹೆಚ್ಚು. 52 ಟಿಎಂಸಿ. ಪ್ರತಿ ವರ್ಷ ಒಂದು ತುಂಬಿದ ಕೆಆರ್‌ಎಸ್‌ಗಿಂತ ಹೆಚ್ಚು ನೀರು ಲೆಕ್ಕದಲ್ಲೇ ಇಲ್ಲದೆ ಖಾಲಿ! ಬಿಳಿ ಪಟ್ಟೆಯ ದೊಡ್ಡ ಉತ್ತರದ ಬಹುಭಾಗ ಇದು.

ಇಷ್ಟೆಲ್ಲ ದೊಡ್ಡ ಲೆಕ್ಕದ ನಡುವೆ ಒಂದು ಸಣ್ಣ ಸಂಶೋಧನೆಯನ್ನು ಹೇಳಲೇಬೇಕು, ಸ್ವಂತ ಮನೆ ಇರುವ ನಿಮ್ಮಲ್ಲಿ ಹಲವರಿಗೆ ಇದು ನೇರವಾಗಿ ತಟ್ಟುತ್ತದೆ. ಲಾಸ್ ವೇಗಸ್‌ನ ನೀರು ಪ್ರಾಧಿಕಾರ ನಿಜವಾದ ಮನೆಗಳಲ್ಲಿ ಮೀಟರ್ ಇಟ್ಟು ವರ್ಷಗಟ್ಟಲೆ ಅಳೆಯಿತು. ಹುಲ್ಲುಹಾಸಿಗೆ ವರ್ಷಕ್ಕೆ ಒಂದು ಚದರ ಅಡಿಗೆ ಸುಮಾರು 73 ಗ್ಯಾಲನ್ ನೀರು, ಮರುಭೂಮಿ ಗಿಡಗಳ ತೋಟಕ್ಕೆ ಸುಮಾರು 17. ಲೀಟರಿನಲ್ಲಿ 276 ಮತ್ತು 65. 2005ರಲ್ಲಿ ವರದಿ ಪ್ರಕಟವಾಯಿತು. ಹುಲ್ಲು ಕಿತ್ತರೆ ಚದರ ಅಡಿಗೆ ಇಷ್ಟು ಡಾಲರ್ ಅಂತ ಕೊಡುವ ಯೋಜನೆಗೆ ಈ ಅಂಕಿ ಗಟ್ಟಿ ಆಧಾರವಾಯಿತು, ಉಳಿಯುವ ನೀರಿನ ಬೆಲೆ ಈಗ ಗೊತ್ತಿತ್ತಲ್ಲ. ಇನ್ನೂ ಮುಂದೆ ಹೋಗಿ 2021ರಲ್ಲಿ ನೆವಾಡಾ ಒಂದು ಕಾನೂನು ಮಾಡಿತು. ರಸ್ತೆ ನಡುವೆ, ಆಫೀಸುಗಳ ಮುಂದೆ, ಬಡಾವಣೆಗಳ ಸಾಮಾನ್ಯ ಜಾಗಗಳಲ್ಲಿ ಬರೀ ನೋಡಲು ಬೆಳೆಸಿರುವ ಹುಲ್ಲಿಗೆ 2026ರ ಕೊನೆಯ ನಂತರ ಕೊಲರಾಡೋ ನೀರು ಹಾಕುವಂತಿಲ್ಲ. ಅಲ್ಲಿ ಮನೆಯೊಳಗೆ ಬಳಸಿದ ನೀರು ಶುದ್ಧವಾಗಿ ಮತ್ತೆ ಮೀಡ್ ಸರೋವರಕ್ಕೇ ಹೋಗುತ್ತದೆ, ಅಷ್ಟು ನೀರನ್ನು ರಾಜ್ಯ ಮತ್ತೆ ತೆಗೆದುಕೊಳ್ಳಬಹುದು. ಹಾಗಾಗಿ ಸ್ನಾನ ಎಷ್ಟು ಹೊತ್ತು ಮಾಡಿದರೂ ಲೆಕ್ಕಕ್ಕೆ ದೊಡ್ಡ ನಷ್ಟವಿಲ್ಲ, ಹುಲ್ಲಿಗೆ ಹಾಕಿದ್ದು ಮಾತ್ರ ಹೋಯಿತು ಅಂದರೆ ಹೋಯಿತು. ಇದು ಗೊತ್ತಿಲ್ಲದೆ ನೀತಿ ಮಾಡಿದ್ದರೆ ಬಾತ್‌ರೂಮಿಗೆ ನಿರ್ಬಂಧ ಹಾಕುತ್ತಿದ್ದರು. 2002ರಿಂದ ಈಚೆಗೆ ಆ ಪ್ರದೇಶದ ಜನಸಂಖ್ಯೆ ಏಳು ಲಕ್ಷಕ್ಕೂ ಹೆಚ್ಚು ಏರಿದೆ, ನದಿಯಿಂದ ಬಳಸುವ ನೀರು ಇಳಿದಿದೆ.

ಆದರೆ ನೆವಾಡಾದ ಪಾಲು ಬರೀ 13 ಟಿಎಂಸಿ. ಕ್ಯಾಲಿಫೋರ್ನಿಯಾದ ಇಂಪೀರಿಯಲ್ ಕಣಿವೆಯ ಒಂದೇ ನೀರಾವರಿ ಸಂಸ್ಥೆಯ ಹಕ್ಕು 31 ಲಕ್ಷ ಎಕರೆ-ಅಡಿ, 135 ಟಿಎಂಸಿ, ಇಡೀ ಅರಿಝೋನಾ ರಾಜ್ಯದ ಪಾಲಿಗಿಂತ ಹೆಚ್ಚು. ಜನ ನೇರವಾಗಿ ಬಳಸುವ ನೀರಿನಲ್ಲಿ ಸುಮಾರು ಮುಕ್ಕಾಲು ಪಾಲು ಕೃಷಿಗೆ, ಅದರಲ್ಲಿ ದೊಡ್ಡ ಭಾಗ ಅಲ್ಫಾಲ್ಫಾ ಮತ್ತು ಒಣಹುಲ್ಲಿಗೆ. ಅಲ್ಫಾಲ್ಫಾ ಅಂದರೆ ನಮ್ಮ ಕಡೆ ಕುದುರೆ ಮಸಾಲೆ ಅಂತಾರಲ್ಲ, ಆ ದನದ ಮೇವು. ಹೊಲದಿಂದ ಎಷ್ಟು ನೀರು ಆವಿಯಾಯಿತು ಅಂತ ಈಗ ಉಪಗ್ರಹದ ಚಿತ್ರಗಳಿಂದ ಹೊಲ ಹೊಲಕ್ಕೂ ಲೆಕ್ಕ ಸಿಗುತ್ತದೆ. ಆ ಬೆಳೆ ಬೇಕೇ ಬೇಡವೇ, ತಲೆಮಾರಿನ ಹಕ್ಕಿರುವ ರೈತನಿಗೆ ಯಾರು ಪರಿಹಾರ ಕೊಡಬೇಕು ಅನ್ನೋದಕ್ಕೆ ಉಪಗ್ರಹ ಉತ್ತರ ಕೊಡುವುದಿಲ್ಲ. 2023ರಲ್ಲಿ ಕೆಳಗಿನ ಮೂರು ರಾಜ್ಯಗಳು 2026ರೊಳಗೆ 30 ಲಕ್ಷ ಎಕರೆ-ಅಡಿ ಉಳಿಸಲು ಒಪ್ಪಿದವು, ಅದರಲ್ಲಿ 23 ಲಕ್ಷಕ್ಕೆ ಕೇಂದ್ರ ಸರ್ಕಾರ ದುಡ್ಡು ಕೊಡುವ ಮಾತಾಯಿತು.

ಕಣಿವೆಯಲ್ಲಿ ಮೂವತ್ತು ಮೂಲನಿವಾಸಿ ಬುಡಕಟ್ಟುಗಳಿವೆ. 1922ರ ಕೋಣೆಯಲ್ಲಿ ಅವರ ಪರವಾಗಿ ಒಬ್ಬರೂ ಇರಲಿಲ್ಲ. ಕಾನೂನಿನ ಪ್ರಕಾರ ಅವರ ಹಕ್ಕುಗಳು ಬಹಳ ಹಳೆಯವು, ಸರದಿಯಲ್ಲಿ ಮುಂದೆ ಬರಬೇಕಾದವು. ಆದರೂ ನವಾಹೋ ನಾಡಿನ ಸುಮಾರು ಮೂರನೇ ಒಂದು ಭಾಗ ಮನೆಗಳಿಗೆ ನಲ್ಲಿ ಸಂಪರ್ಕವಿಲ್ಲ, ಡ್ರಮ್‌ಗಳಲ್ಲಿ ನೀರು ಹೊತ್ತು ತರುತ್ತಾರೆ. ಅವರಿಗೆ ನೀರು ಒದಗಿಸಲು ಮುಂದಾಗಿ ಕ್ರಮ ತೆಗೆದುಕೊಳ್ಳುವ ಹೊಣೆ ಕೇಂದ್ರ ಸರ್ಕಾರಕ್ಕಿಲ್ಲ ಅಂತ 2023ರಲ್ಲಿ ಸುಪ್ರೀಂ ಕೋರ್ಟ್ 5-4 ಬಹುಮತದಲ್ಲಿ ತೀರ್ಪು ಕೊಟ್ಟಿತು. ಇದಕ್ಕೆ ಯಾವ ಮರದ ಉಂಗುರವೂ ಬೇಕಿಲ್ಲ, ಅಂಕಿ ಎಲ್ಲರಿಗೂ ಗೊತ್ತಿದೆ.

2007ರ ನಿಯಮಗಳ ಅವಧಿ 2026ಕ್ಕೆ ಮುಗಿಯುತ್ತದೆ. ಮುಂದಿನದಕ್ಕೆ 2025ರಲ್ಲಿ ಮೇಜಿನ ಮೇಲೆ ಬಂದ ಪ್ರಸ್ತಾಪಗಳಲ್ಲಿ ಒಂದು ನಮಗೆ ಗಮನಾರ್ಹ ಅನ್ನಿಸಿತು. ಇಷ್ಟು ಎಕರೆ-ಅಡಿ ಅಂತ ಸ್ಥಿರ ಅಂಕಿ ಬೇಡ, ಹಿಂದಿನ ಮೂರು ವರ್ಷ ನದಿಯಲ್ಲಿ ನಿಜವಾಗಿ ಬಂದ ಹರಿವಿನ ಸರಾಸರಿಯಲ್ಲಿ ಇಷ್ಟು ಶೇಕಡಾ ಕೆಳಕ್ಕೆ ಬಿಡೋಣ ಅನ್ನೋದು. ತತ್ತ್ವ ಚೆನ್ನಾಗಿದೆ, ಲಾರೂ ಇದ್ದಿದ್ದರೆ ಖುಷಿ ಪಡುತ್ತಿದ್ದರೇನೋ. ಶೇಕಡಾ ಎಷ್ಟು ಅನ್ನೋದೇ ಕಗ್ಗಂಟು.

ಕಾವೇರಿ ಬಗ್ಗೆ ನಿಮ್ಮಲ್ಲಿ ಬಹಳ ಜನರ ಮನಸ್ಸಿನಲ್ಲಿ ಈಗಾಗಲೇ ಪ್ರಶ್ನೆ ಎದ್ದಿರುತ್ತದೆ. ಮೈಸೂರು-ಮದ್ರಾಸ್ ಒಪ್ಪಂದ ಆದದ್ದು 1924ರಲ್ಲಿ, ಕೊಲರಾಡೋ ಒಪ್ಪಂದವಾದ ಎರಡೇ ವರ್ಷಕ್ಕೆ. 2007ರಲ್ಲಿ ನ್ಯಾಯಮಂಡಳಿ ತನ್ನ ಅಂತಿಮ ತೀರ್ಪಿನಲ್ಲಿ 740 ಟಿಎಂಸಿ ಹಂಚಿತು, 2018ರಲ್ಲಿ ಸುಪ್ರೀಂ ಕೋರ್ಟ್ ಕರ್ನಾಟಕಕ್ಕೆ 14.75 ಟಿಎಂಸಿ ಹೆಚ್ಚಿಸಿತು. ಆಗ ತಮಿಳುನಾಡಿನಲ್ಲಿರುವ ಅಂತರ್ಜಲದಲ್ಲಿ 10 ಟಿಎಂಸಿಯನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ನೆಲದ ಮೇಲಿನ ನೀರೂ ಕೆಳಗಿನ ನೀರೂ ಒಂದೇ ಅನ್ನೋ ವಿಜ್ಞಾನ ತೀರ್ಪಿನೊಳಗೆ ಬಂದ ಗಳಿಗೆ ಅದು. ಆದರೆ 740 ಅನ್ನೋದು 50 ಶೇಕಡಾ ಭರವಸೆಯ ಅಂಕಿ, ಅಂದರೆ ಎರಡು ವರ್ಷದಲ್ಲಿ ಒಂದು ವರ್ಷ ಅಷ್ಟು ನೀರು ಬರುವುದಿಲ್ಲ ಅಂತ ಆ ಅಂಕಿಯೇ ಹೇಳುತ್ತದೆ. ಕಡಿಮೆ ಬಂದ ವರ್ಷ ಅದೇ ಅನುಪಾತದಲ್ಲಿ ಎಲ್ಲರಿಗೂ ಕಡಿತ ಅಂತ ನ್ಯಾಯಮಂಡಳಿ ಹೇಳಿತು. ಸಂಕಷ್ಟ ಅಂತ ಯಾವ ದಿನ, ಯಾವ ಅಂಕಿ ನೋಡಿ ತೀರ್ಮಾನಿಸಬೇಕು ಅನ್ನೋದರಲ್ಲಿ ಒಮ್ಮತವಿಲ್ಲ. ಅದಕ್ಕೇ ಮಳೆ ಕೈಕೊಟ್ಟ 2023ರಲ್ಲಿ ಹದಿನೈದು ದಿನಕ್ಕೊಮ್ಮೆ ಇಷ್ಟು ಕ್ಯೂಸೆಕ್ ಬಿಡಿ ಅಂತ ಆದೇಶ, ಅದರ ಹಿಂದೆ ಕೋರ್ಟು, ಬಂದ್.

ಕೊಲರಾಡೋ ಮಾಡಿದ್ದನ್ನೇ ಅಲ್ಲೂ ಮಾಡಿ ಅಂತ ನಾವು ಹೇಳುತ್ತಿಲ್ಲ, ಹೇಳೋಕೆ ಆಗುವುದೂ ಇಲ್ಲ. ಇಲ್ಲಿನ ಜಲಾಶಯಗಳಲ್ಲಿ ನದಿಯ ನಾಲ್ಕು ವರ್ಷದ ನೀರು ಹಿಡಿಯುತ್ತದೆ. ಆಗಸ್ಟ್‌ನಲ್ಲಿ ಅಂಕಿ ನೋಡಿ ಮುಂದಿನ ವರ್ಷಕ್ಕೆ ತೀರ್ಮಾನ ಮಾಡಲು ಪುರುಸೊತ್ತು ಇದೆ. ಕಾವೇರಿ ಕಣಿವೆಯಲ್ಲಿ ಕರ್ನಾಟಕದ ನಾಲ್ಕು ಮುಖ್ಯ ಜಲಾಶಯಗಳ ಒಟ್ಟು ಸಾಮರ್ಥ್ಯ 114.57 ಟಿಎಂಸಿ, ಒಂದು ಮುಂಗಾರು ತುಂಬುತ್ತದೆ, ಒಂದು ಬೇಸಿಗೆ ಖಾಲಿ ಮಾಡುತ್ತದೆ. ಜೂನ್‌ನಲ್ಲಿ ಕೊಡಗಿನಲ್ಲಿ ಮಳೆ ಬಾರದಿದ್ದರೆ ಜುಲೈನಲ್ಲಿ ಕುರುವೈ ನಾಟಿಗೆ ಕಾದಿರುವ ತಂಜಾವೂರಿನ ರೈತನಿಗೂ, ನಾಲೆಗೆ ನೀರು ಬರುತ್ತಾ ಅಂತ ಕೇಳುವ ಮದ್ದೂರಿನ ರೈತನಿಗೂ ಹೇಳೋಕೆ ಯಾರ ಹತ್ತಿರವೂ ಉತ್ತರ ಇರುವುದಿಲ್ಲ. ಆದರೆ ಅಂಕಿಗೆ ಮೊದಲೇ ಒಪ್ಪಿಕೊಂಡಿರೋದು, ಎರಡೂ ಕಡೆಯ ಎಂಜಿನಿಯರ್‌ಗಳು ಒಂದೇ ಮಾದರಿಯ ಮುಂದೆ ಕೂರೋದು, ಇವು ಮಳೆಗಾಲದ ನದಿಗೂ ಸಾಧ್ಯ.

ನಮ್ಮ ಕಡೆಯ ಮರಗಳಲ್ಲಿ ಇಂಥ ದಾಖಲೆ ಇದೆಯಾ ಅಂದರೆ, ಇದೆ. ಉಷ್ಣವಲಯದ ಎಷ್ಟೋ ಮರಗಳಿಗೆ ಸ್ಪಷ್ಟ ಉಂಗುರ ಇರುವುದಿಲ್ಲ, ಬೆಳವಣಿಗೆ ನಿಲ್ಲಿಸುವಷ್ಟು ಚಳಿಯೇ ಬರುವುದಿಲ್ಲವಲ್ಲ. ಆದರೆ ತೇಗ ಬೇಸಿಗೆಯಲ್ಲಿ ಎಲೆ ಉದುರಿಸಿ ನಿಲ್ಲುತ್ತದೆ, ಅದಕ್ಕೆ ಉಂಗುರ ಬೀಳುತ್ತದೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಕೇರಳದ ತೇಗದ ಮರಗಳಿಂದ ಐನೂರು ವರ್ಷಕ್ಕೂ ಹಿಂದಿನ ದಾಖಲೆ ಕಟ್ಟಿ 2010ರಲ್ಲಿ ಪ್ರಕಟಿಸಿದರು. ಎಲ್ ನಿನೋ ಬಂದು ಮುಂಗಾರು ಸೋತ ವರ್ಷಗಳು ಅದರಲ್ಲಿ ತೆಳು ಗೆರೆಗಳಾಗಿ ಕಾಣುತ್ತವೆ. ಕೇರಳದ ವಯನಾಡಿನ ಮಳೆಯೇ ಕಬಿನಿಗೂ ಬರೋದು.

ನಿಮ್ಮ ಊರಿನ ನೀರು ಯಾವ ನದಿಯಿಂದ ಬರುತ್ತದೆ, ಆ ನದಿಯ ಲೆಕ್ಕ ಯಾವ ವರ್ಷದಿಂದ ಶುರುವಾಗುತ್ತದೆ ಅಂತ ಹುಡುಕಿ ನೋಡಿ, ಸಿಕ್ಕಿದ್ದನ್ನು ನಮಗೂ ಬರೆಯಿರಿ. ಮುಂದಿನ ಕಂತಿನಲ್ಲಿ ನೆಲದ ಕೆಳಗಿನ ನೀರನ್ನು ಉಪಗ್ರಹಗಳು ತೂಕ ಹಾಕುವುದು ಹೇಗೆ ಅನ್ನೋದನ್ನು ನೋಡೋಣ.